ಗೆಣಸಿನ ಹೊಟ್ಟೆಗೆ ವಾರದ ಬುತ್ತಿ

ಸಂಕ್ರಾಂತಿ ಮುಗಿದ ಮಾರನೆಯ ದಿನದಿಂದ ಹಳೆ ಮೈಸೂರಿನ ಕಡೆ ಗೆಣಸನ್ನು ಕೇಳುವವರೇ ಇಲ್ಲ. ಅವರೆಕಾಯಿ, ಕಡಲೆಕಾಯಿ ಜೊತೆ ಒಂದು ದಿನ ಬೆಂದು, ಎಲ್ಲರ ಬಾಯಿಗೂ ಒಂದೊಂದು ಹೋಳು ಬಿದ್ದರೆ ಅಲ್ಲಿಗೆ ಅದರ ಮರ್ಯಾದೆ ಮುಗಿಯಿತು. ಉಪವಾಸ ಮಾಡುವ ಮನೆಗಳಲ್ಲಿ ಏಕಾದಶಿಗೋ ಶಿವರಾತ್ರಿಗೋ ಮತ್ತೆ ನೆನಪಾದೀತು. ಉಳಿದ ದಿನ ತರಕಾರಿ ಅಂಗಡಿಯ ಮೂಲೆಯಲ್ಲಿ ಮಣ್ಣು ಮೆತ್ತಿಕೊಂಡು ಬಿದ್ದಿರುತ್ತದೆ. ಇಂಥ ಗೆಣಸಿಗೆ ಈಚೆಗೆ ಬೆಂಗಳೂರಿನಂಥ ಊರುಗಳಲ್ಲಿ ಇದ್ದಕ್ಕಿದ್ದಂತೆ ಭಾಗ್ಯ ಖುಲಾಯಿಸಿದೆ. ಜಿಮ್ಮಿಗೆ ಹೋಗುವವರ ಡಬ್ಬಿಯಲ್ಲಿ ಅದು ಕಾಣುತ್ತದೆ, ತೂಕ ಇಳಿಸುವವರ ಬಾಯಲ್ಲಿ ಅದರ ಹೆಸರು ಕೇಳುತ್ತದೆ. ಭಾನುವಾರ ಓವನ್ನಿನಲ್ಲಿ ಇಡಿಯಾಗಿ ಸುಟ್ಟಿಟ್ಟುಕೊಳ್ಳುವುದು, ಉದ್ದಕ್ಕೆ ಸೀಳಿ ಕಾಳು, ಸೊಪ್ಪು, ಪನೀರ್ ತುಂಬುವುದು, ಬುಧವಾರದವರೆಗೆ ಆಫೀಸಿಗೆ ಒಯ್ಯುವುದು. ಇದಕ್ಕೆ ಮೀಲ್ ಪ್ರೆಪ್ ಎಂದು ಹೆಸರು. ರೊಟ್ಟಿ ಬಡಿದು ಒಣಗಿಸಿ ಪೇರಿಸಿಡುವ, ಚಟ್ನಿಪುಡಿಯ ಡಬ್ಬಿ ತುಂಬಿಸಿಡುವ ನಾಡಿನವರಿಗೆ ಇದನ್ನು ಯಾರೂ ಬಂದು ಕಲಿಸಬೇಕಾಗಿಲ್ಲ. ಗೆಣಸಿಗೆ ಓವನ್ ತೋರಿಸಿದ್ದಷ್ಟೇ ಹೊಸದು.

ಈ ಅಡುಗೆ ನನಗೆ ಇಷ್ಟ. ಅದರ ಸುತ್ತ ಹಬ್ಬಿರುವ ಆರೋಗ್ಯದ ಮಾತುಗಳಲ್ಲಿ ಮಾತ್ರ ಅರ್ಧವನ್ನಷ್ಟೇ ನಂಬುತ್ತೇನೆ. ಗೆಣಸು ಇಲ್ಲಿ ಬರೀ ಪಾತ್ರೆ. ಊಟ ಇರುವುದು ಹೂರಣದಲ್ಲಿ. ಗೆಣಸೊಂದನ್ನೇ ತಿಂದು ಮಧ್ಯಾಹ್ನದ ಊಟವಾಯಿತು ಎನ್ನುವವರಿಗೆ ನಾಲ್ಕು ಗಂಟೆಗೆ ಬಿಸ್ಕತ್ತಿನ ಪೊಟ್ಟಣ ಕೈಗೆ ಬರುವುದು ಅದಕ್ಕೇ.

ನಮ್ಮಲ್ಲಿ ಗೆಣಸು ಎಂದರೆ ಮೊದಲು ಹೇಳಬೇಕಾದ ಊರು ಬೆಳಗಾವಿ. ಬೆಳಗಾವಿ, ಖಾನಾಪುರದ ಸುತ್ತಿನ ಕೆಂಪು ಮಣ್ಣಿನಲ್ಲಿ ಮುಂಗಾರಿಗೆ ಬಳ್ಳಿಯ ತುಂಡು ನೆಟ್ಟರೆ ನಾಲ್ಕು ತಿಂಗಳ ಆಸುಪಾಸಿಗೆ ಕೀಳಲು ಬರುತ್ತದೆ. ಅಲ್ಲಿನ ಎಪಿಎಂಸಿಯಿಂದ ಲಾರಿಗಟ್ಟಲೆ ಗೆಣಸು ಉತ್ತರ ಭಾರತಕ್ಕೆ ಹೋಗುತ್ತದೆ. ಚಳಿಗಾಲದ ದೆಹಲಿಯ ಬೀದಿಗಳಲ್ಲಿ ಗೆಣಸನ್ನು ಕೆಂಡದಲ್ಲಿ ಸುಟ್ಟು, ಸಿಪ್ಪೆ ಸುಲಿದು ಹೋಳು ಮಾಡಿ, ನಿಂಬೆಹಣ್ಣು ಹಿಂಡಿ, ಚಾಟ್ ಮಸಾಲೆ ಉದುರಿಸಿ ದೊನ್ನೆಯಲ್ಲಿ ಕೊಡುತ್ತಾರೆ. ಶಕರ್‌ಕಂದಿ ಎಂದು ಅದಕ್ಕೆ ಹೆಸರು. ಸಿಹಿಗೆ ಹುಳಿ, ಉಪ್ಪು, ಖಾರ ಬಿದ್ದರೆ ಮಾತ್ರ ಗೆಣಸು ನಾಲ್ಕು ತುತ್ತಿನಾಚೆಗೆ ತಿನ್ನಿಸಿಕೊಳ್ಳುತ್ತದೆ ಎಂಬುದು ಆ ಗಾಡಿಯವರಿಗೆ ಚೆನ್ನಾಗಿ ಗೊತ್ತು. ನಾವೋ, ಗೆಣಸು ಎಂದೊಡನೆ ಹೋಳಿಗೆಗೆ, ಪಾಯಸಕ್ಕೆ ಕೈ ಹಾಕುತ್ತೇವೆ. ಮೊದಲೇ ಸಿಹಿಯಾದದ್ದಕ್ಕೆ ಬೆಲ್ಲ ಬೇರೆ.

ಗೆಣಸಿನ ಹುಟ್ಟೂರು ಅಮೆರಿಕ ಖಂಡ. ಇಲ್ಲಿಗೆ ತಂದವರು ಪೋರ್ಚುಗೀಸರು. ಆಲೂಗೆಡ್ಡೆಗೂ ಇದಕ್ಕೂ ಹತ್ತಿರದ ನೆಂಟಸ್ತಿಕೆ ಇಲ್ಲ. ಆಲೂಗೆಡ್ಡೆ ಬದನೆ, ಟೊಮೆಟೊ ಕುಲದ್ದು. ಗೆಣಸಾದರೋ ಬೇಲಿಯ ಮೇಲೆ ಹಬ್ಬಿ ಬೆಳಗಿನ ಹೊತ್ತು ಆಲಿಕೆಯಾಕಾರದ ಹೂ ಬಿಡುವ ಬಳ್ಳಿಗಳ ಕುಲದ್ದು. ಅಡುಗೆಮನೆಯಲ್ಲೂ ಇವೆರಡಕ್ಕೆ ಒಂದೇ ನಿಯಮ ನಡೆಯುವುದಿಲ್ಲ.

ಸಂತೆಯಲ್ಲಿ ಸಿಗುವ ಗೆಣಸು ಹೆಚ್ಚಾಗಿ ಕೆಂಪು ಸಿಪ್ಪೆಯದು, ಒಳಗೆ ಬಿಳುಪು ಅಥವಾ ನಸುಹಳದಿ. ಬೆಂದರೆ ಹಿಟ್ಟು ಹಿಟ್ಟಾಗಿ, ಒಣಗಿದಂತಿರುತ್ತದೆ. ದೊಡ್ಡ ಮಳಿಗೆಗಳಲ್ಲಿ ಸಿಗುವ, ವಿದೇಶದ ಅಡುಗೆ ಚಿತ್ರಗಳಲ್ಲಿ ಥಳಥಳಿಸುವ ಕಿತ್ತಳೆ ಬಣ್ಣದ್ದು ಬೇರೆ ಬಗೆ. ಅದರಲ್ಲಿ ನೀರು ಹೆಚ್ಚು, ಬೆಂದರೆ ಮೆತ್ತಗೆ ಕುಸಿಯುತ್ತದೆ. ಗೆಣಸು ತಿಂದರೆ ಕಣ್ಣಿಗೆ ಒಳ್ಳೆಯದು, ವಿಟಮಿನ್ ಎ ಹೇರಳ ಎಂದು ಓದಿರುತ್ತೀರಲ್ಲ, ಅದು ಕಿತ್ತಳೆ ಗೆಣಸಿನ ಮಾತು. ಬಿಳಿ ತಿರುಳಿನದರಲ್ಲಿ ಅದು ಇದ್ದೂ ಇಲ್ಲದಂತೆ. ದೇಹ ಆ ಬಣ್ಣದ ಬೀಟಾ ಕ್ಯಾರೋಟಿನ್ನನ್ನೇ ವಿಟಮಿನ್ ಎ ಆಗಿ ಮಾರ್ಪಡಿಸಿಕೊಳ್ಳುತ್ತದೆ. ಬಣ್ಣವೇ ಇಲ್ಲದಿದ್ದರೆ ಎಲ್ಲಿಂದ ಬರಬೇಕು? ಆಫ್ರಿಕದಲ್ಲಿ ಬಿಳಿ ಗೆಣಸು ತಿನ್ನುತ್ತಿದ್ದ ಜನರಿಗೆ ಕಿತ್ತಳೆ ತಳಿಗಳನ್ನು ಒಗ್ಗಿಸಿದ ಕೆಲಸಕ್ಕೆ ಮರಿಯಾ ಆಂಡ್ರಾಡೆ, ರಾಬರ್ಟ್ ಮ್ವಾಂಗಾ, ಜ್ಯಾನ್ ಲೋ ಅವರಿಗೆ 2016ರ ವಿಶ್ವ ಆಹಾರ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು. ನಮ್ಮಲ್ಲಿ ತಿರುವನಂತಪುರದ ಶ್ರೀಕಾರ್ಯಂನಲ್ಲಿ 1963ರಿಂದ ಇರುವ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆ ‘ಭೂ ಸೋನಾ’ ಎಂಬ ಕಿತ್ತಳೆ ತಳಿಯನ್ನೂ ‘ಭೂ ಕೃಷ್ಣ’ ಎಂಬ ನೇರಳೆ ತಳಿಯನ್ನೂ ಕೊಟ್ಟಿದೆ. ಭೂ ಸೋನಾದ 100 ಗ್ರಾಂನಲ್ಲಿ 14 ಮಿಲಿಗ್ರಾಂ ಬೀಟಾ ಕ್ಯಾರೋಟಿನ್ ಇದೆ. ನಿಮ್ಮೂರಿನ ಸಂತೆಯಲ್ಲಿ ಕಂಡರೆ ಬಿಡಬೇಡಿ. ಕಾಣದಿದ್ದರೂ ಚಿಂತೆಯಿಲ್ಲ, ಆ ಪಾಲನ್ನು ಹೂರಣದ ಸೊಪ್ಪು, ಕ್ಯಾರೆಟ್ ತುಂಬಿಕೊಡುತ್ತವೆ. ಒಂದು ಚಮಚ ತುಪ್ಪವೋ ಎಣ್ಣೆಯೋ ಜೊತೆಗಿರಲಿ. ಜಿಡ್ಡಿಲ್ಲದೆ ಬೀಟಾ ಕ್ಯಾರೋಟಿನ್ ಸರಿಯಾಗಿ ಮೈಗೆ ಹತ್ತುವುದಿಲ್ಲ.

ಆರಿಸುವಾಗ ಒಂದೊಂದೂ 200ರಿಂದ 250 ಗ್ರಾಂ ತೂಗುವಂತಿರಲಿ. ಎರಡು ತುದಿ ಚೂಪಾಗಿ ನಡು ಮಾತ್ರ ಊದಿಕೊಂಡಿದ್ದು ಬೇಡ, ತುದಿ ಕರಕಲಾಗುವ ಹೊತ್ತಿಗೂ ನಡು ಬೆಂದಿರುವುದಿಲ್ಲ. ಸಣ್ಣ ಕಪ್ಪು ತೂತುಗಳಿದ್ದರೆ ಅದು ಮೂತಿಹುಳುವಿನ ಕೆಲಸ. ಹುಳು ಕೊರೆದ ಗೆಣಸು ತನ್ನ ರಕ್ಷಣೆಗೆಂದು ಕಹಿ ರಸ ಉಂಟುಮಾಡಿಕೊಳ್ಳುತ್ತದೆ. ಆ ಕಹಿ ಬೆಂದರೂ ಹೋಗುವುದಿಲ್ಲ, ಮೈಗೂ ಒಳ್ಳೆಯದಲ್ಲ. ಅಷ್ಟು ಭಾಗ ಕೊಯ್ದು ಬಳಸೋಣ ಎಂಬ ಜಿಪುಣತನ ಇಲ್ಲಿ ಬೇಡ. ಇನ್ನೊಂದು, ಹಸಿ ಗೆಣಸನ್ನು ಫ್ರಿಜ್ಜಿನಲ್ಲಿ ಇಡಬಾರದು. ಬಿಸಿಲುನಾಡಿನ ಬೆಳೆ ಅದು. 10 ಡಿಗ್ರಿಗಿಂತ ಕಡಿಮೆ ಚಳಿಯಲ್ಲಿ ಒಳಗೊಳಗೇ ಕೆಡುತ್ತದೆ, ಆಮೇಲೆ ಎಷ್ಟು ಬೇಯಿಸಿದರೂ ನಡುವೆ ಗಟ್ಟಿ ಉಳಿಯುತ್ತದೆ. ಈರುಳ್ಳಿ ಬುಟ್ಟಿಯಂಥ ಗಾಳಿಯಾಡುವ ಜಾಗ ಸಾಕು.

ಓವನ್ನಿನೊಳಗೆ ಏನಾಗುತ್ತದೆ

ಗೆಣಸನ್ನು ನೀರಲ್ಲಿ ಬೇಯಿಸಿದರೆ ಒಂದು ರುಚಿ, ಓವನ್ನಿನಲ್ಲಿ ಸುಟ್ಟರೆ ಇನ್ನೊಂದು. ಸುಟ್ಟದ್ದು ಹೆಚ್ಚು ಸಿಹಿ. ನೀರು ಆರಿ ಸಿಹಿ ಗಟ್ಟಿಯಾಗುವುದು ಒಂದು ಕಾರಣ. ದೊಡ್ಡ ಕಾರಣ ಬೇರೆಯೇ ಇದೆ. ಹಸಿ ಗೆಣಸಿನಲ್ಲಿ ಪಿಷ್ಟವೇ ಹೆಚ್ಚು. ಬಿಸಿ ಏರುತ್ತ ಆ ಪಿಷ್ಟ ನೀರು ಹೀರಿ ಉಬ್ಬಿದಾಗ, ಗೆಣಸಿನೊಳಗೇ ಇರುವ ಬೀಟಾ ಅಮೈಲೇಸ್ ಎಂಬ ಕಿಣ್ವ ಅದನ್ನು ಕತ್ತರಿಸಿ ಮಾಲ್ಟೋಸ್ ಎಂಬ ಸಕ್ಕರೆಯನ್ನಾಗಿ ಮಾಡುತ್ತದೆ. ಒಳಗಿನ ಬಿಸಿ ಹೆಚ್ಚುಕಡಿಮೆ 60ರಿಂದ 75 ಡಿಗ್ರಿ ಸೆಲ್ಸಿಯಸ್ ಇರುವವರೆಗೆ ಅದರ ಕೆಲಸ ಚುರುಕು. ಅದನ್ನು ದಾಟಿ ಏರಿದರೆ ಕಿಣ್ವವೇ ಸತ್ತುಹೋಗುತ್ತದೆ. ನಿಧಾನಕ್ಕೆ ಬಿಸಿಯಾದಷ್ಟೂ ಸಿಹಿ ಹೆಚ್ಚು ಎಂದಾಯಿತು. ಮೈಕ್ರೋವೇವಿನಲ್ಲಿ ಕೆಲವೇ ನಿಮಿಷಕ್ಕೆ ಬೆಂದ ಗೆಣಸು ಸಪ್ಪೆ ಎನಿಸುವುದೂ, ಬಚ್ಚಲ ಒಲೆಯ ಬೂದಿಯಲ್ಲಿ ಹೂತಿಟ್ಟು ಸ್ನಾನವೆಲ್ಲ ಮುಗಿದ ಮೇಲೆ ಕೆದಕಿ ತೆಗೆದ ಗೆಣಸು ಜೇನಿನಂತಿರುತ್ತಿದ್ದುದೂ ಇದರಿಂದಲೇ. ಜಪಾನಿನವರು ಕಾದ ಕಲ್ಲುಗಳ ನಡುವೆ ನಿಧಾನವಾಗಿ ಸುಟ್ಟು ಮಾರುವ ಯಾಕಿ-ಇಮೊ ಇದೇ ಉಪಾಯದ್ದು.

ಮನೆಯ ಒಟಿಜಿ ಓವನ್ನಿನಲ್ಲಿ ಇದನ್ನು ಸಾಧಿಸಲು ಸುಲಭದ ದಾರಿ ಎಂದರೆ ಓವನ್ನನ್ನು ಮೊದಲೇ ಕಾಯಿಸದಿರುವುದು. ಗೆಣಸನ್ನು ಉಜ್ಜಿ ತೊಳೆದು, ಒರೆಸಿ, ಫೋರ್ಕಿನಿಂದ ಅಲ್ಲಲ್ಲಿ ಚುಚ್ಚಿ, ಮೈಗೆಲ್ಲ ತೆಳ್ಳಗೆ ಎಣ್ಣೆ ಸವರಿ. ತಣ್ಣನೆಯ ಓವನ್ನಿನ ಜಾಲರಿಯ ಮೇಲಿಟ್ಟು 200 ಡಿಗ್ರಿಗೆ ತಿರುಗಿಸಿದರೆ 200 ಗ್ರಾಂನ ಗೆಣಸು ಸುಮಾರು ಒಂದು ಗಂಟೆಗೆ ಆಗುತ್ತದೆ. ಚಾಕು ಬೆಣ್ಣೆಗೆ ಇಳಿದಂತೆ ಇಳಿದರೆ ಮುಗಿಯಿತು. ಕೆಳಗೊಂದು ತಟ್ಟೆ ಇಡುವುದನ್ನು ಮರೆಯಬೇಡಿ, ಚುಚ್ಚಿದ ತೂತುಗಳಿಂದ ಅಂಟುರಸ ಸೋರಿ ಕರಕಲಾದರೆ ತಿಕ್ಕುವ ಪಾಡು ಯಾರಿಗೂ ಬೇಡ. ಫಾಯಿಲ್ ಸುತ್ತಬೇಡಿ, ಸುತ್ತಿದರೆ ಅದು ಸುಡುವುದಿಲ್ಲ, ಹಬೆಯಲ್ಲಿ ಬೇಯುತ್ತದೆ, ಸಿಪ್ಪೆ ತೊಯ್ದ ಬಟ್ಟೆಯಾಗುತ್ತದೆ. ಹೂರಣ ತುಂಬಲು ಸಿಪ್ಪೆ ಬಿಗಿಯಾಗಿರಬೇಕು. ಏರ್ ಫ್ರೈಯರಿನಲ್ಲಾದರೆ 180 ಡಿಗ್ರಿಗೆ ಮುಕ್ಕಾಲು ಗಂಟೆಯೊಳಗೆ ಆಗುತ್ತದೆ. ಎರಡೂ ಇಲ್ಲದವರು ದಪ್ಪ ತಳದ ಬಾಣಲೆಗೆ ಕಲ್ಲುಪ್ಪು ಹರಡಿ, ಅದರ ಮೇಲೆ ಗೆಣಸಿಟ್ಟು, ಭಾರದ ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿ ನಡುನಡುವೆ ಹೊರಳಿಸುತ್ತ ಸುಡಬಹುದು.

1500 ವ್ಯಾಟಿನ ಒಟಿಜಿ ಒಂದು ಗಂಟೆ ಓಡಿದರೆ ಹೆಚ್ಚೆಂದರೆ ಒಂದೂವರೆ ಯೂನಿಟ್ ವಿದ್ಯುತ್ತು. ಒಂದು ಗೆಣಸಿಗೂ ಅಷ್ಟೇ, ಎಂಟಕ್ಕೂ ಹೆಚ್ಚುಕಡಿಮೆ ಅಷ್ಟೇ. ಒಂದೇ ಸಲ ಮೂರ್ನಾಲ್ಕು ದಿನಕ್ಕಾಗುವಷ್ಟು ಸುಡುವುದಕ್ಕೆ ಇದಕ್ಕಿಂತ ಒಳ್ಳೆಯ ನೆಪ ಬೇಕಿಲ್ಲ.

ಈಗ ಡಯೆಟ್ಟಿನವರಿಗೆ ಹಿಡಿಸದ ಮಾತು. ಓವನ್ನಿನಲ್ಲಿ ಬಂದ ಆ ಸಿಹಿ ಮೈಯೊಳಗೂ ಸಿಹಿಯೇ. ಜಮೈಕಾದಲ್ಲಿ ಹತ್ತು ತಳಿಯ ಗೆಣಸುಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ನೀರಲ್ಲಿ ಬೇಯಿಸಿದ ಗೆಣಸಿನ ಗ್ಲೈಸೆಮಿಕ್ ಇಂಡೆಕ್ಸ್, ಅಂದರೆ ತಿಂದದ್ದು ರಕ್ತದ ಸಕ್ಕರೆಯನ್ನು ಎಷ್ಟು ಏರಿಸುತ್ತದೆ ಎಂಬ ಅಳತೆ, 41ರಿಂದ 50ರ ಒಳಗಿತ್ತು. ಅವೇ ತಳಿಗಳನ್ನು ಓವನ್ನಿನಲ್ಲಿ ಸುಟ್ಟಾಗ 82ರಿಂದ 94ಕ್ಕೆ ಏರಿತು. ಒಂದೇ ಗೆಣಸು, ಬೆಂದ ಬಗೆಯಷ್ಟೇ ಬೇರೆ. ‘ಗೆಣಸು ಶುಗರ್ ಇದ್ದವರಿಗೆ ಒಳ್ಳೆಯದು’ ಎಂದು ಕಣ್ಣು ಮುಚ್ಚಿ ಹೇಳುವವರು ಯಾವ ಗೆಣಸು, ಹೇಗೆ ಬೆಂದದ್ದು, ಎಷ್ಟು, ಏನಿನ ಜೊತೆ ಎಂದು ಹೇಳುವುದೇ ಇಲ್ಲ. ಮನೆಯಲ್ಲಿ ಮಧುಮೇಹಿಗಳಿದ್ದರೆ ಅವರ ಪಾಲಿನದನ್ನು ಸಿಪ್ಪೆ ಸಮೇತ ನೀರಲ್ಲಿ ಬೇಯಿಸಿ, ಅರ್ಧ ಗೆಣಸು ಮಾತ್ರ ಹಾಕಿ, ಹೂರಣ ದುಪ್ಪಟ್ಟು ಮಾಡಿ. ಮೂತ್ರಪಿಂಡದ ತೊಂದರೆ ಇರುವವರು ಪೊಟ್ಯಾಸಿಯಂ ಬಗ್ಗೆ ವೈದ್ಯರನ್ನು ಕೇಳಿಯೇ ತಿನ್ನಲಿ. ಸುಟ್ಟ ಗೆಣಸಿನ 100 ಗ್ರಾಂನಲ್ಲಿ ಅದು 475 ಮಿಲಿಗ್ರಾಂನಷ್ಟಿದೆ.

ಹಾಗೆಂದು ಗೆಣಸನ್ನು ದೂರಬೇಕಿಲ್ಲ. ಸಿಪ್ಪೆ ಸಮೇತ ಸುಟ್ಟ 100 ಗ್ರಾಂ ಗೆಣಸಿನಲ್ಲಿ ಸುಮಾರು 90 ಕ್ಯಾಲೊರಿ, ಮೂರು ಗ್ರಾಂಗೂ ಮಿಕ್ಕಿ ನಾರು. ಅಷ್ಟೇ ತೂಕದ ಬಿಳಿ ಅನ್ನದಲ್ಲಿ ಸುಮಾರು 130 ಕ್ಯಾಲೊರಿ, ನಾರು ಅರ್ಧ ಗ್ರಾಂ ಕೂಡ ಇಲ್ಲ. ಗೆಣಸಿನ ಕೊರತೆ ಇರುವುದು ಪ್ರೋಟೀನಿನಲ್ಲಿ, 100 ಗ್ರಾಂಗೆ ಎರಡೇ ಗ್ರಾಂ.

ಹೂರಣದ ಲೆಕ್ಕಾಚಾರ

ತುಂಬುವುದು ಮೂರು ಕೆಲಸ ಮಾಡಬೇಕು. ಪ್ರೋಟೀನು ಕೊಡಬೇಕು, ಸಿಹಿಯನ್ನು ಹದಕ್ಕೆ ತರಬೇಕು, ಮೆತ್ತನೆಯ ತಿರುಳಿನ ನಡುವೆ ಹಲ್ಲಿಗೆ ಏನಾದರೂ ಸಿಗುವಂತೆ ಮಾಡಬೇಕು. ಈ ಮೂರನ್ನೂ ಒಟ್ಟಿಗೆ ಮಾಡುವ ಅಡುಗೆ ನಮ್ಮಲ್ಲಿ ಬೇಕಾದಷ್ಟಿದೆ, ಉಸಲಿ ಎಂದು ಅದರ ಹೆಸರು. ಅಮೆರಿಕದ ಪಾಕವಿಧಾನ ಹಿಡಿದು ಕಪ್ಪು ಬೀನ್ಸು, ಅವಕಾಡೊ ಹುಡುಕಿಕೊಂಡು ಅಲೆಯುವ ಅಗತ್ಯವೇ ಇಲ್ಲ.

ನಾಲ್ಕು ಗೆಣಸಿಗೆ ಒಂದು ಲೋಟ ಹೆಸರುಕಾಳು ಸಾಕು. ರಾತ್ರಿ ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ, ಚಿಕ್ಕ ಮೊಳಕೆ ಬಂದಾಗ ಹಬೆಯಲ್ಲಿ ಬೇಯಿಸಿಕೊಳ್ಳಿ. ಕಾಳು ಕರಗಬಾರದು. ಶೇಂಗಾ ಎಣ್ಣೆಗೆ ಸಾಸಿವೆ, ಜೀರಿಗೆ, ಜಜ್ಜಿದ ಬೆಳ್ಳುಳ್ಳಿ, ಕರಿಬೇವು, ಅರಿಸಿನ ಹಾಕಿ, ಹಸಿಮೆಣಸಿನಕಾಯಿಯನ್ನು ಉಪ್ಪು ಜೀರಿಗೆಯೊಂದಿಗೆ ಕುಟ್ಟಿದ ಖಾರ ಹಾಕಿ ಕಾಳನ್ನು ಹೊರಳಿಸಿ. ಪಲ್ಯಕ್ಕೆ ಹಾಕುವುದಕ್ಕಿಂತ ಖಾರವೂ ಉಪ್ಪೂ ಒಂದು ಕೈ ಮುಂದಿರಲಿ, ಗೆಣಸು ಅದನ್ನು ಎಳೆದುಕೊಳ್ಳುತ್ತದೆ. ಇಳಿಸಿದ ಮೇಲೆ ನಿಂಬೆರಸ. ಬೆಲ್ಲದ ಚೂರು ಹಾಕುವ ಅಭ್ಯಾಸದವರು ಇಲ್ಲಿ ಕೈ ತಡೆಯಬೇಕು. ತೆಂಗಿನತುರಿಯೂ ಬೇಡ. ರುಚಿಗೇನೋ ಚೆನ್ನ, ಆದರೆ ಬೇಗ ಹಳಸುವ ಪದಾರ್ಥ ಅದು, ಹೂರಣವನ್ನೆಲ್ಲ ತನ್ನೊಂದಿಗೆ ಕೆಡಿಸುತ್ತದೆ.

ನನ್ನ ಮೆಚ್ಚಿನ ಹೂರಣ ಮಾತ್ರ ಅವರೆಯದು. ಡಿಸೆಂಬರ್, ಜನವರಿಯಲ್ಲಿ ಸೊಗಡಿನ ಅವರೆಕಾಯಿ ಬರುವ ಹೊತ್ತಿಗೇ ಹೊಸ ಗೆಣಸೂ ಬಂದಿರುತ್ತದೆ. ಹಿತಕಿದ ಅವರೆಬೇಳೆಯನ್ನು ಉಪ್ಪು ಹಾಕಿ ಬೇಯಿಸಿ, ಹೆಚ್ಚಿದ ಸಬ್ಬಸಿಗೆ ಸೊಪ್ಪನ್ನು ಒಗ್ಗರಣೆಯಲ್ಲೇ ಬಾಡಿಸಿ, ಎರಡನ್ನೂ ಕೂಡಿಸಿ, ಕುಟ್ಟಿದ ಮೆಣಸು ಹಾಕಿದರೆ ಆಯಿತು. ಸಂಕ್ರಾಂತಿಯಲ್ಲಿ ಒಂದೇ ತಟ್ಟೆಯಲ್ಲಿದ್ದೂ ದೂರ ದೂರ ಕೂತವು ಇಲ್ಲಿ ಒಂದಾಗುತ್ತವೆ. ಹಿತಕುವ ಕೆಲಸಕ್ಕೆ ಮನೆಮಂದಿಯನ್ನೆಲ್ಲ ಕೂರಿಸಬೇಕು ಎಂಬುದೊಂದೇ ತಾಪತ್ರಯ. ಟಿವಿ ಮುಂದೆ ಕೂರಿಸಿದರೆ ಅದೂ ಆಗುತ್ತದೆ.

ಮೆಂತ್ಯದ ಸೊಪ್ಪು, ಪನೀರ್ ಸೇರಿದ್ದೂ ಹೊಂದುತ್ತದೆ. ಮೆಂತ್ಯದ ಕಹಿ ಗೆಣಸಿನ ಸಿಹಿಗೆ ಎದುರು ನಿಲ್ಲುತ್ತದೆ. ಪಾಲಕ್ ಹಾಕಿದರೆ ನೀರು ಬಿಟ್ಟು ಕೆಸರಾಗುತ್ತದೆ. ಮೊಟ್ಟೆ ತಿನ್ನುವವರಿಗೆ ಬುರ್ಜಿ ಉಂಟು, ಆದರೆ ಅದನ್ನು ಆಯಾ ದಿನವೇ ಮಾಡಿಕೊಳ್ಳಬೇಕು. ಕರಾವಳಿಯವರು ಒಣ ಸಿಗಡಿ ಚಟ್ನಿ ಉದುರಿಸಿ ನೋಡಬಹುದು.

ಏನೂ ಮಾಡಲು ಹೊತ್ತಿಲ್ಲದ ದಿನಕ್ಕೆ ಚಟ್ನಿಪುಡಿಗಳಿವೆ. ಸೀಳಿದ ಗೆಣಸಿನ ಮೇಲೆ ನೀರು ಬಸಿದ ಗಟ್ಟಿ ಮೊಸರು ಎರಡು ಚಮಚ, ಅದರ ಮೇಲೆ ಶೇಂಗಾ ಚಟ್ನಿಪುಡಿಯೋ ಗುರೆಳ್ಳು ಪುಡಿಯೋ ಅಗಸಿ ಪುಡಿಯೋ, ಹೆಚ್ಚಿದ ಈರುಳ್ಳಿ. ಉತ್ತರ ಕರ್ನಾಟಕದ ಮನೆಗಳಲ್ಲಿ ಇದಿಷ್ಟೂ ಸದಾ ಇರುವಂಥದ್ದೇ. ನನ್ನ ಮಟ್ಟಿಗೆ ಗುರೆಳ್ಳೇ ಮೇಲು. ಅದರ ಕರಿದಾದ, ತುಸು ಒಗರಿನ ಘಮ ಗೆಣಸಿನ ಅತಿಸಿಹಿಯನ್ನು ಅಡಗಿಸುವಷ್ಟು ಬೇರೆ ಯಾವುದೂ ಅಡಗಿಸುವುದಿಲ್ಲ. ಜೇನು, ಒಣದ್ರಾಕ್ಷಿ, ದಾಲ್ಚಿನ್ನಿ ಸಕ್ಕರೆ ಸುರಿದು ‘ಹೆಲ್ತಿ’ ಎಂದು ಕರೆಯುವ ಪಾಕಗಳೂ ಓಡಾಡುತ್ತಿವೆ. ಅವು ಮಿಠಾಯಿ. ಮಿಠಾಯಿ ಬೇಕೆಂದಿದ್ದರೆ ಗೆಣಸಿನ ಹೋಳಿಗೆಯನ್ನೇ ಮಾಡಿ ತಿನ್ನೋಣ.

ತುಂಬುವ ಕ್ರಮಕ್ಕೂ ಒಂದು ಮಾತು. ಗೆಣಸನ್ನು ಉದ್ದಕ್ಕೆ, ಕೆಳಗಿನ ಸಿಪ್ಪೆ ತುಂಡಾಗದಂತೆ ಸೀಳಿ, ಎರಡು ತುದಿಗಳನ್ನು ಒಳಕ್ಕೆ ಒತ್ತಿದರೆ ಬಾಯಿ ತೆರೆದುಕೊಳ್ಳುತ್ತದೆ. ಒಳಗಿನ ತಿರುಳನ್ನು ಫೋರ್ಕಿನಿಂದ ಸಡಿಲಿಸಿ ಉಪ್ಪು, ಮೆಣಸು, ಅರ್ಧ ಚಮಚ ತುಪ್ಪ ಬೆರೆಸಿ. ನಮ್ಮ ಬಿಳಿ ಗೆಣಸು ಗಂಟಲಿಗೆ ಹಿಡಿಯುವಷ್ಟು ಒಣಗಿರುತ್ತದೆ, ತಿನ್ನುವ ಮುನ್ನ ಒಂದೆರಡು ಚಮಚ ಮಜ್ಜಿಗೆ ಬೆರೆಸಿದರೆ ಮೆತ್ತಗಾಗುತ್ತದೆ. ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಇರುವ ಕನ್ನಡಿಗರಿಗೆ ಸಲೀಸಾಗಿ ಸಿಗುವುದು ಕಿತ್ತಳೆ ಗೆಣಸು; ಅದಕ್ಕೆ ಮಜ್ಜಿಗೆ ಬೇಡ, ಹೂರಣವೂ ಒಣಗಿರಬೇಕು. ಒಂದು ಗೆಣಸಿಗೆ ಅರ್ಧ ಬಟ್ಟಲಿಗೂ ಮಿಕ್ಕಿ ಹೂರಣ, ಎರಡು ಚಮಚ ಮೊಸರು, ಒಂದು ಚಮಚ ಶೇಂಗಾಪುಡಿ ಸೇರಿದರೆ ಪ್ರೋಟೀನು ಹದಿನಾಲ್ಕು ಹದಿನೈದು ಗ್ರಾಂವರೆಗೆ ಬರುತ್ತದೆ. ಈಗ ಇದನ್ನು ಊಟ ಎನ್ನಬಹುದು.

ಡಬ್ಬಿಯಲ್ಲಿ ಎಷ್ಟು ದಿನ?

ತುಂಬಿ ಇಡಬೇಡಿ. ಬಹಳ ಮಂದಿಯ ಮೀಲ್ ಪ್ರೆಪ್ ಮಂಗಳವಾರಕ್ಕೇ ಸೋಲುವುದು ಇಲ್ಲಿ. ಹೂರಣದ ತೇವ ಸಿಪ್ಪೆಗಿಳಿದು, ಈರುಳ್ಳಿ ನೀರು ಬಿಟ್ಟು, ಮೊಸರು ಹುಳಿತು, ಡಬ್ಬಿ ತೆರೆದರೆ ತಿನ್ನುವ ಮನಸ್ಸೇ ಬರುವುದಿಲ್ಲ. ಗೆಣಸು ಸೀಳದೆ ಇಡಿಯಾಗಿ ಒಂದು ಡಬ್ಬಿಯಲ್ಲಿರಲಿ, ಹೂರಣ ಇನ್ನೊಂದರಲ್ಲಿ. ಮೊಸರು, ಈರುಳ್ಳಿ, ಕೊತ್ತಂಬರಿ, ನಿಂಬೆ ಬೆಳಗ್ಗೆ ಹೊರಡುವಾಗಿನ ಕೆಲಸ.

ಸುಟ್ಟ ಗೆಣಸನ್ನು ಆರಿಸಿ ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಬೇಕು. ಹಸಿಗೆಣಸಿಗೆ ಬೇಡವೆಂದ ಫ್ರಿಜ್ಜು ಬೆಂದದ್ದಕ್ಕೆ ಬೇಕೇ ಬೇಕು. ಮೂರು, ಹೆಚ್ಚೆಂದರೆ ನಾಲ್ಕು ದಿನ. ಫಾಯಿಲ್ಲಿನಲ್ಲಿ ಸುತ್ತಿ ಬೆಚ್ಚಗಿರಲೆಂದು ಅಡುಗೆಕಟ್ಟೆಯ ಮೇಲೆ ರಾತ್ರಿಯಿಡೀ ಬಿಡುವುದಂತೂ ಬೇಡವೇ ಬೇಡ. 1994ರಲ್ಲಿ ಅಮೆರಿಕದ ಟೆಕ್ಸಾಸಿನ ಎಲ್ ಪಾಸೊದಲ್ಲಿ, ಫಾಯಿಲ್ ಸುತ್ತಿ ಸುಟ್ಟು ಹಾಗೇ ಹೊರಗಿಟ್ಟಿದ್ದ ಆಲೂಗೆಡ್ಡೆಯಿಂದ ಮಾಡಿದ ಚಟ್ನಿಯಂಥ ಪದಾರ್ಥ ತಿಂದು 30 ಮಂದಿಗೆ ಬಾಟುಲಿಸಂ ಎಂಬ ವಿಷಬಾಧೆ ತಗಲಿತ್ತು. ಮಣ್ಣಿನಲ್ಲಿರುವ ಆ ಸೂಕ್ಷ್ಮಜೀವಿಯ ಬೀಜಾಣುಗಳು ಓವನ್ನಿನ ಬಿಸಿಗೂ ಬದುಕಿ, ಗಾಳಿಯಾಡದ ಫಾಯಿಲ್ಲಿನೊಳಗೆ ಬೆಚ್ಚಗೆ ಬೆಳೆಯುತ್ತವೆ. ಮಣ್ಣಿನೊಳಗೆ ಬೆಳೆಯುವ ಗೆಣಸಿಗೂ ಅದೇ ಎಚ್ಚರ ಸಲ್ಲುತ್ತದೆ.

ಫ್ರಿಜ್ಜಿನಲ್ಲಿಟ್ಟ ಗೆಣಸಿಗೆ ಒಂದು ಲಾಭವೂ ಇದೆ. ಬೆಂದು ತಣ್ಣಗಾದ ಪಿಷ್ಟದಲ್ಲಿ ಒಂದಿಷ್ಟು ಪಾಲು ಸುಲಭಕ್ಕೆ ಜೀರ್ಣವಾಗದ ರೂಪ ತಾಳುತ್ತದೆ. ಅದು ಕರುಳಿಗೆ ನಾರಿನಂತೆಯೇ. ಇದರಿಂದ ಸಕ್ಕರೆಯ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ ಎಂದು ನಂಬಿ ಎರಡು ತಿನ್ನುವುದು ಬೇಡ, ಲಾಭ ಚಿಕ್ಕದು. ಬಿಸಿ ಮಾಡುವಾಗ ಮೈಕ್ರೋವೇವಿಗೆ ಹಾಕಿದರೆ ಸಿಪ್ಪೆ ಮೆತ್ತಗಾಗುತ್ತದೆ. ಆಫೀಸಿನಲ್ಲಿ ಅದರ ಹೊರತು ಗತಿಯಿಲ್ಲ ಬಿಡಿ. ಮನೆಯಲ್ಲಾದರೆ ಸೀಳಿದ ಗೆಣಸನ್ನು ಕಾದ ಕಬ್ಬಿಣದ ತವೆಯ ಮೇಲೆ ಕವುಚಿ ಹಾಕಿ. ಸೀಳಿದ ಮುಖ ಕಂದುಬಣ್ಣಕ್ಕೆ ತಿರುಗಿ, ಮೊದಲ ದಿನಕ್ಕಿಂತ ಚೆನ್ನಾಗಿರುತ್ತದೆ.

ನಾಲ್ಕನೆಯ ದಿನಕ್ಕೂ ಉಳಿದರೆ ಗೆಣಸನ್ನು ಸಿಪ್ಪೆ ಬಿಡಿಸಿ ಮಸೆದು, ಓಮ, ಅಚ್ಚಖಾರದಪುಡಿ, ಉಪ್ಪು ಹಾಕಿ ಗೋಧಿಹಿಟ್ಟಿನೊಂದಿಗೆ ಕಲಸಿ ಚಪಾತಿ ಲಟ್ಟಿಸಿ. ಗೆಣಸಿನ ತೇವವೇ ಸಾಲುವುದರಿಂದ ನೀರು ನೋಡಿಕೊಂಡು ಹಾಕಬೇಕು. ಉಳಿದ ಉಸಲಿ ಅದಕ್ಕೇ ಪಲ್ಯ.